ಬ್ರೂಕ್ಸ್ ಬ್ರದರ್ಸ್‌ನಲ್ಲಿ ಮೊದಲ ಬ್ಲೇಜರ್, ಮೊದಲ ಅಂಗಿ: ಏನು ನೋಡಿ ಕೊಳ್ಳಬೇಕು?

ಪ್ರಶ್ನೆ: ನಾವು ದಾವಣಗೆರೆಯವರು, ಹಲವು ವರ್ಷಗಳಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನೆಲೆಸಿದ್ದೇವೆ. ಮಗನಿಗೆ ಮ್ಯಾನ್‌ಹ್ಯಾಟನ್‌ನ ಬ್ಯಾಂಕೊಂದರಲ್ಲಿ ಮೊದಲ ಕೆಲಸ ಸಿಕ್ಕಿದೆ. ಒಂದು ನೇವಿ ಬ್ಲೂ ಬ್ಲೇಜರ್ ಮತ್ತು ನಾಲ್ಕು ಅಂಗಿ ಕೊಡಿಸಬೇಕೆಂದಿದ್ದೇವೆ. ಸಹೋದ್ಯೋಗಿಗಳು ಬ್ರೂಕ್ಸ್ ಬ್ರದರ್ಸ್‌ಗೆ ಹೋಗಿ ಎನ್ನುತ್ತಾರೆ. ಆದರೆ ಆ ಕಂಪನಿ ದಿವಾಳಿಯಾಗಿ ಕೈ ಬದಲಾಗಿದೆ, ಹಳೆಯ ಗುಣಮಟ್ಟ ಈಗಿಲ್ಲ ಎಂದೂ ಕೇಳಿದ್ದೇವೆ. ಅಲ್ಲಿ ಕೊಳ್ಳಬಹುದೇ? ಔಟ್‌ಲೆಟ್‌ನಲ್ಲಿ ಅಗ್ಗಕ್ಕೆ ಸಿಗುವುದು ಅದೇ ಮಾಲೇ? ಇಸ್ತ್ರಿ ಬೇಡದ ಅಂಗಿ ಒಳ್ಳೆಯದೇ? ಇಲ್ಲವಾದರೆ ಡಿಸೆಂಬರಿನಲ್ಲಿ ಊರಿಗೆ ಹೋದಾಗ ನಮ್ಮ ಹಳೆಯ ಟೈಲರ್ ಬಳಿಯೇ ಹೊಲಿಸುವುದು ಮೇಲೇ?

ಉತ್ತರ: ಧಾರಾಳವಾಗಿ ಹೋಗಿ. ಆದರೆ ಆ ಅಂಗಡಿ ಯಾವ ಉಡುಪುಗಳಿಂದ ಹೆಸರು ಮಾಡಿತೋ ಅವುಗಳನ್ನಷ್ಟೇ ಕೊಳ್ಳಿ. ಕೊಳ್ಳುವ ಪ್ರತಿಯೊಂದನ್ನೂ, ಹೆಸರೇ ಗೊತ್ತಿಲ್ಲದ ಅಂಗಡಿಯಲ್ಲಿ ಹೇಗೆ ನೋಡುತ್ತೀರೋ ಹಾಗೆ, ಒಳಗು ಹೊರಗು ತಿರುವಿ ನೋಡಿ. ಹುಬ್ಬಳ್ಳಿಯಲ್ಲಿ ಕಟಿಂಗ್ ಕಲಿತು, ಮೂವತ್ತು ವರ್ಷ ಕೋಟು ಹೊಲಿಯುವುದರಲ್ಲೂ ಬೇರೆಯವರು ಹೊಲಿದ ಕೋಟುಗಳನ್ನು ಆಲ್ಟರ್ ಮಾಡುವುದರಲ್ಲೂ ಕಳೆದ ನನಗೆ ಇದಕ್ಕಿಂತ ಗಟ್ಟಿಯಾದ ಸಲಹೆ ಗೊತ್ತಿಲ್ಲ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಕೈ ಬದಲಾದ ವಿಚಾರ. ಹೆನ್ರಿ ಸ್ಯಾಂಡ್ಸ್ ಬ್ರೂಕ್ಸ್ ಎಂಬವರು 1818ರಲ್ಲಿ ನ್ಯೂಯಾರ್ಕಿನ ಕ್ಯಾಥರೀನ್ ಮತ್ತು ಚೆರ್ರಿ ಬೀದಿಗಳು ಕೂಡುವ ಮೂಲೆಯಲ್ಲಿ ತೆರೆದ ಅಂಗಡಿ ಇದು. ಮಕ್ಕಳ ಕಾಲದಲ್ಲಿ, 1850ರಲ್ಲಿ, ಬ್ರೂಕ್ಸ್ ಬ್ರದರ್ಸ್ ಎಂಬ ಹೆಸರು ಬಂತು. ಪಟ್ಟಿಯಲ್ಲಿ ತೂಗುಬಿದ್ದ ಕುರಿಯ ಗುರುತೂ ಆಗಿನದೇ. ಅದು ಯುರೋಪಿನ ಉಣ್ಣೆ ವ್ಯಾಪಾರಿಗಳ ಹಳೆಯ ಲಾಂಛನ. 1946ರವರೆಗೆ ಕುಟುಂಬದ ಕೈಯಲ್ಲಿದ್ದ ಅಂಗಡಿ ಆಮೇಲೆ ಹಲವು ಒಡೆಯರನ್ನು ಕಂಡಿತು. ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ 1988ರಲ್ಲಿ 75 ಕೋಟಿ ಡಾಲರಿಗೆ ಕೊಂಡು, 2001ರಲ್ಲಿ 22.5 ಕೋಟಿ ಡಾಲರಿಗೆ ಇಟಲಿ ಮೂಲದ ಕ್ಲಾಡಿಯೋ ಡೆಲ್ ವೆಕಿಯೋ ಅವರ ಕಂಪನಿಗೆ ಮಾರಿತು. 2020ರ ಜುಲೈನಲ್ಲಿ, ಕಚೇರಿಗಳೆಲ್ಲ ಬಾಗಿಲು ಮುಚ್ಚಿದ್ದ ಕೊರೊನಾ ಕಾಲದಲ್ಲಿ, ಕಂಪನಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಮಾಲ್‌ಗಳ ಒಡೆತನದ ಸೈಮನ್ ಪ್ರಾಪರ್ಟಿ ಗ್ರೂಪ್ ಮತ್ತು ಬ್ರ್ಯಾಂಡುಗಳನ್ನು ಕೊಳ್ಳುವ ಅಥೆಂಟಿಕ್ ಬ್ರ್ಯಾಂಡ್ಸ್ ಗ್ರೂಪ್ ಸೇರಿ ಅದನ್ನು 32.5 ಕೋಟಿ ಡಾಲರಿಗೆ ಕೊಂಡವು. ಅದೇ ವರ್ಷ ಅಮೆರಿಕದಲ್ಲಿದ್ದ ಮೂರು ಸ್ವಂತ ಕಾರ್ಖಾನೆಗಳ ಕೆಲಸ ನಿಂತಿತು: ಉತ್ತರ ಕೆರೊಲಿನಾದ ಗಾರ್ಲೆಂಡ್‌ನಲ್ಲಿ ಅಂಗಿ, ಮ್ಯಾಸಚೂಸೆಟ್ಸ್‌ನ ಹೇವರಿಲ್‌ನಲ್ಲಿ ಸೂಟು, ನ್ಯೂಯಾರ್ಕಿನ ಲಾಂಗ್ ಐಲೆಂಡ್ ಸಿಟಿಯಲ್ಲಿ ಟೈ ತಯಾರಾಗುತ್ತಿದ್ದವು. ಊರಿನ ಹೊಟ್ಟೆ ತುಂಬಿಸುತ್ತಿದ್ದ ಕಾರ್ಖಾನೆ ಮುಚ್ಚುವುದು ಹೊಲಿಗೆಯವನಾದ ನನಗೆ ಸಣ್ಣ ಸುದ್ದಿಯಲ್ಲ. ಪಳಗಿದ ಅಷ್ಟೊಂದು ಕೈಗಳು ಚದುರಿದರೆ ಮತ್ತೆ ಒಂದೆಡೆ ಕೂಡುವುದು ಕಷ್ಟ.

ಆದ್ದರಿಂದ ನೀವು ಕೇಳಿದ್ದರಲ್ಲಿ ಸತ್ಯವಿದೆ. ಆದರೆ 'ಹಿಂದೆ ಎಲ್ಲವೂ ಚೆನ್ನಾಗಿತ್ತು, ಈಗ ಎಲ್ಲವೂ ಕೆಟ್ಟಿದೆ' ಎಂಬ ತೀರ್ಮಾನಕ್ಕೆ ಬರಬೇಡಿ. ಅಮೆರಿಕದ ಅಂತರ್ಯುದ್ಧ ಶುರುವಾದ 1861ರಲ್ಲಿ ಇದೇ ಕಂಪನಿ ನ್ಯೂಯಾರ್ಕಿನ ಸ್ವಯಂಸೇವಕ ಸೈನಿಕರಿಗೆ 12,000 ಸಮವಸ್ತ್ರ ಒದಗಿಸುವ ಗುತ್ತಿಗೆ ಪಡೆದು, ಚಿಂದಿಯನ್ನು ಹರಿದು ಒತ್ತಿ ಮಾಡಿದ 'ಶಾಡಿ' ಎಂಬ ಬಟ್ಟೆಯಲ್ಲಿ ಹೊಲಿದುಕೊಟ್ಟಿತು. ಅವು ಮೈಮೇಲೆಯೇ ಪಿಸಿದುಹೋದವು, ದೊಡ್ಡ ಹಗರಣವಾಯಿತು. ಅದಾಗಿ ನಾಲ್ಕೇ ವರ್ಷಕ್ಕೆ, 1865ರಲ್ಲಿ, ಅಬ್ರಹಾಂ ಲಿಂಕನ್ ಎರಡನೆಯ ಬಾರಿ ಅಧಿಕಾರ ಸ್ವೀಕರಿಸಿದಾಗ ತೊಟ್ಟ ಕಪ್ಪು ಉಣ್ಣೆಯ ಮೇಲಂಗಿಯನ್ನು ಹೊಲಿದದ್ದೂ ಇದೇ ಅಂಗಡಿ. ಅದರ ಅಸ್ತರಿನಲ್ಲಿ ಹದ್ದಿನ ಚಿತ್ರವನ್ನೂ 'ಒಂದು ದೇಶ, ಒಂದು ಭವಿತವ್ಯ' ಎಂಬರ್ಥದ ಮಾತನ್ನೂ ಕಸೂತಿಯಲ್ಲಿ ಬಿಡಿಸಲಾಗಿತ್ತು. ಫೋರ್ಡ್ಸ್ ರಂಗಮಂದಿರದಲ್ಲಿ ಗುಂಡೇಟು ಬಿದ್ದ ರಾತ್ರಿ ಲಿಂಕನ್ ಮೈಮೇಲಿದ್ದದ್ದು ಅದೇ ಕೋಟು. ಕಳಪೆ ಸಮವಸ್ತ್ರ, ಉತ್ತಮ ಕೋಟು ಎರಡೂ ಒಂದೇ ಹೆಸರಿನಡಿ ಒಂದೇ ಕಾಲದಲ್ಲಿ ಹೊರಬಂದಿವೆ. ಕಾಲರಿನ ಒಳಗಿನ ಚೀಟಿ ಅಂಗಡಿಯ ಹೆಸರನ್ನು ಹೇಳುತ್ತದೆಯೇ ಹೊರತು ಕೈಯಲ್ಲಿರುವ ಈ ಉಡುಪು ಹೇಗಿದೆಯೆಂದು ಹೇಳುವುದಿಲ್ಲ.

ಇನ್ನು ಅಂಗಿಗಳಿಗೆ ಬರೋಣ. ಈ ಅಂಗಡಿ ಜಗತ್ತಿಗೆ ಕೊಟ್ಟದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಬಟನ್-ಡೌನ್ ಕಾಲರ್, ಅಂದರೆ ತುದಿಗಳನ್ನು ಸಣ್ಣ ಗುಂಡಿಗಳಿಂದ ಅಂಗಿಗೇ ಸಿಕ್ಕಿಸುವ ಕಾಲರ್. ಇಂಗ್ಲೆಂಡಿನ ಪೋಲೋ ಆಟಗಾರರು ಗಾಳಿಗೆ ಕಾಲರ್ ಮುಖಕ್ಕೆ ಬಡಿಯದಂತೆ ಗುಂಡಿ ಹಾಕಿಕೊಂಡದ್ದನ್ನು ಸ್ಥಾಪಕರ ಮೊಮ್ಮಗ ಜಾನ್ ಬ್ರೂಕ್ಸ್ ಕಂಡು, 1896ರಲ್ಲಿ ಅದನ್ನು ಅಂಗಡಿಗೆ ತಂದರು ಎಂಬುದು ಕಂಪನಿಯ ಇತಿಹಾಸ. ಇವತ್ತಿಗೂ ಅವರು ಅದನ್ನು 'ಪೋಲೋ ಕಾಲರ್' ಎಂದೇ ಕರೆಯುತ್ತಾರೆ. ಈ ಕಾಲರಿನ ಜೀವವೆಲ್ಲ ಅದರ ಬಾಗಿನಲ್ಲಿದೆ. ಒಳ್ಳೆಯ ಬಟನ್-ಡೌನ್ ಕಾಲರ್ ಗುಂಡಿ ಹಾಕಿದಾಗ ಚಪ್ಪಟೆಯಾಗಿ ಮಲಗುವುದಿಲ್ಲ. ಕುತ್ತಿಗೆಯ ಪಟ್ಟಿಯಿಂದ ಎದ್ದು, ಮೃದುವಾಗಿ ಹೊರಕ್ಕೆ ಉಬ್ಬಿ, ಮತ್ತೆ ಗುಂಡಿಯ ಹತ್ತಿರ ಒಳಕ್ಕೆ ಇಳಿಯುತ್ತದೆ. ಕಾಲರಿನ ಒಳಗೆ ಬಕ್ರಂ ಎಂಬ ಗಟ್ಟಿ ಒಳಬಟ್ಟೆ ಅಂಟಿಸಿದ್ದರೆ ಆ ಬಾಗು ಬರುವುದಿಲ್ಲ. ಅಂಗಡಿಯಲ್ಲಿ ಕಾಲರಿನ ಒಂದು ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲನೆ ಬಗ್ಗಿಸಿ. ಬಟ್ಟೆಯಂತೆ ಬಗ್ಗಿದರೆ ಸರಿ. ರಟ್ಟಿನಂತೆ ಪುಟಿದು ನಿಂತರೆ ಅದನ್ನು ಅಲ್ಲೇ ಬಿಡಿ.

ಬಟ್ಟೆಯಲ್ಲಿ ಆಕ್ಸ್‌ಫರ್ಡ್ ನೇಯ್ಗೆಯದನ್ನೇ ಕೇಳಿ. ಬುಟ್ಟಿಯ ಹೆಣಿಗೆಯಂತೆ ಕಾಣುವ, ತುಸು ದಪ್ಪನೆಯ, ಒಗೆದಷ್ಟೂ ಮೆತ್ತಗಾಗುವ ಬಟ್ಟೆ ಅದು. ಬಿಳಿಯದೆರಡು, ತಿಳಿನೀಲಿಯದೆರಡು ಸಾಕು. ಇವರ ಒಳ್ಳೆಯ ಅಂಗಿಗಳು ಸುಪೀಮಾ ಎಂಬ ಉದ್ದ ಎಳೆಯ ಅಮೆರಿಕನ್ ಹತ್ತಿಯವು. ನಮ್ಮ ಕಡೆಯ ಓದುಗರಿಗೆ ಇದು ತೀರಾ ದೂರದ ಸಂಗತಿಯಲ್ಲ: ಧಾರವಾಡದಿಂದ ಬಂದು 'ಜಯಲಕ್ಷ್ಮಿ' ಎಂದು ಹೆಸರಾದ ಡಿಸಿಎಚ್-32 ತಳಿಯ ಉದ್ದ ಎಳೆಗೂ ಇದೇ ಬಾರ್ಬಡೆನ್ಸ್ ಜಾತಿಯ ಹತ್ತಿಯ ರಕ್ತವೇ ಕಾರಣ. ಎಳೆ ಉದ್ದವಾದಷ್ಟೂ ನೂಲಿನಿಂದ ಹೊರಚಾಚುವ ತುದಿಗಳು ಕಡಿಮೆ. ಆದ್ದರಿಂದ ಬಟ್ಟೆ ಬೇಗ ಜುಂಗು ಏಳುವುದಿಲ್ಲ.

ಇಸ್ತ್ರಿ ಬೇಡದ ಅಂಗಿಯ ಬಗ್ಗೆ ನೀವು ಕೇಳಿದ್ದೀರಿ. ಅಂಗಡಿಯಲ್ಲಿ ನಿಮ್ಮ ಮುಂದೆ ಮೊದಲು ಬರುವುದೂ ಅದೇ. ಈ ಕಂಪನಿ 1953ರಲ್ಲೇ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಎಳೆ ಬೆರೆಸಿದ, ಒಗೆದು ತೊಡುವ ಅಂಗಿಯನ್ನು ಮಾರಿತ್ತು. ಈಗಿನದು ಬಹುಪಾಲು ಹತ್ತಿಯೇ. ಆದರೆ ರಾಳದಂಥ ರಾಸಾಯನಿಕವೊಂದರಿಂದ ಹತ್ತಿಯ ಅಣುಸರಪಳಿಗಳನ್ನು ಒಂದಕ್ಕೊಂದು ಕಟ್ಟಿಹಾಕಿರುತ್ತಾರೆ. ಅಮೆರಿಕದ ಕೃಷಿ ಇಲಾಖೆಯ ನ್ಯೂ ಆರ್ಲಿಯನ್ಸ್ ಪ್ರಯೋಗಾಲಯದಲ್ಲಿ ರೂತ್ ಬೆನೆರಿಟೊ ಎಂಬ ರಸಾಯನಶಾಸ್ತ್ರಜ್ಞೆ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಸಂಶೋಧನೆ ಈ ದಾರಿಗೆ ಬುನಾದಿ ಹಾಕಿತು. ಸರಪಳಿಗಳು ಜಾರದಿದ್ದರೆ ಸುಕ್ಕು ಬೀಳದು. ಆದರೆ ಜಾರದ ಎಳೆ ಬಾಗಲೂ ಆರದು. ಬಟ್ಟೆಯ ಬಲ ಕುಗ್ಗುತ್ತದೆ, ಬೆವರು ಹೀರುವ ಗುಣ ಕಡಿಮೆಯಾಗುತ್ತದೆ, ಕಾಲರಿನ ಮಡಿಕೆಯೂ ಕಫ್‌ನ ಅಂಚೂ ಮೊದಲು ಸವೆಯುತ್ತವೆ. ನನ್ನ ಬಳಿ ಕಾಲರ್ ತಿರುಗಿಸಿ ಹೊಲಿಯಲು ಬಂದ ಇಂಥ ಅಂಗಿಗಳಲ್ಲಿ ಮೈಭಾಗ ಹೊಸದರಂತೆಯೇ ಇದ್ದು, ಮಡಿಕೆ ಮಾತ್ರ ಗೆರೆ ಎಳೆದಂತೆ ಸೀಳಿರುತ್ತಿತ್ತು. ಆದರೂ ಇದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಬೆಳಗಿನ ಆರೂಮುಕ್ಕಾಲರ ರೈಲು ಹಿಡಿಯಬೇಕಾದ ಹುಡುಗನಿಗೆ ಇಸ್ತ್ರಿ ಬೇಡದ ಅಂಗಿಯೊಂದು ಕಪಾಟಿನಲ್ಲಿರುವುದು ನಿಜವಾದ ಅನುಕೂಲ. ನಾಲ್ಕರಲ್ಲಿ ಒಂದು ಅಂಥದಿರಲಿ. ಮೂರು ಇಸ್ತ್ರಿ ಬೇಡುವ ಆಕ್ಸ್‌ಫರ್ಡ್ ಇರಲಿ. ಆಕ್ಸ್‌ಫರ್ಡ್ ಬಟ್ಟೆಯ ಸಣ್ಣಪುಟ್ಟ ಸುಕ್ಕನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ, ಅದು ಆ ಅಂಗಿಯ ಸ್ವಭಾವ.

ಅಳತೆಯಲ್ಲಿ ನಮ್ಮವರು ಎಡವುವುದು ತೋಳಿನ ವಿಷಯದಲ್ಲಿ. ಊರಿನಲ್ಲಿ 39, 40, 42 ಎಂದು ಕುತ್ತಿಗೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಹೇಳಿದರೆ ಕೆಲಸ ಮುಗಿಯಿತು. ಇಲ್ಲಿ ಎರಡು ಸಂಖ್ಯೆ, ಎರಡೂ ಇಂಚಿನಲ್ಲಿ: ಮೊದಲನೆಯದು ಕುತ್ತಿಗೆ, ಎರಡನೆಯದು ತೋಳು. 15½ ಎಂದರೆ ಸುಮಾರು 39.4 ಸೆಂಟಿಮೀಟರ್, 16 ಎಂದರೆ 40.6. ತೋಳನ್ನು ಭುಜದ ಹೊಲಿಗೆಯಿಂದ ಅಳೆಯಬೇಡಿ. ಕತ್ತಿನ ಹಿಂಭಾಗದ ನಡುವಿನ ಮೂಳೆಯಿಂದ ಟೇಪನ್ನು ಹಿಡಿದು, ಭುಜದ ಮೇಲಿಂದ, ತುಸು ಮಡಿಸಿದ ಮೊಣಕೈಯ ಮೇಲಿಂದ ಮಣಿಕಟ್ಟಿನ ಮೂಳೆಯವರೆಗೆ ತನ್ನಿ. ಮೈಯ ಅಗಲಕ್ಕೆ ಬೇರೆ ಹೆಸರುಗಳಿವೆ: ಬಹುಕಾಲ ಇವರ ಅಂಗಿ-ಕೋಟುಗಳಲ್ಲಿ ಮ್ಯಾಡಿಸನ್ ಸಡಿಲ, ರೀಜೆಂಟ್ ಮಧ್ಯಮ, ಮಿಲಾನೊ ಬಿಗಿ ಎಂಬ ಲೆಕ್ಕವಿತ್ತು. ಈಗಿನ ಚೀಟಿಯಲ್ಲಿ ಹೆಸರು ಬೇರೆ ಇದ್ದರೂ ಕ್ರಮ ಕೇಳಿ ತಿಳಿದುಕೊಳ್ಳಿ, ಕುತ್ತಿಗೆಯ ಸಂಖ್ಯೆಯನ್ನು ಬದಲಿಸದೆ ಅಗಲವನ್ನಷ್ಟೇ ಬದಲಿಸಿ ಹಾಕಿಸಿ ನೋಡಿ.

ಬ್ಲೇಜರ್ ಮಾತ್ರ ಒಂದೇ ಭೇಟಿಯಲ್ಲಿ ತೀರುವ ವಿಷಯವೆಂದು ಎಣಿಸಬೇಡಿ. ಕೋಟಿನ ಸಂಖ್ಯೆ ಎದೆಯ ಸುತ್ತಳತೆ; ಜೊತೆಗಿನ ಅಕ್ಷರ ಎತ್ತರಕ್ಕೆ ಸಂಬಂಧಿಸಿದ್ದು. 40 ಆರ್ ಎಂದರೆ 40 ಇಂಚು ಎದೆ, ಸಾಧಾರಣ ಎತ್ತರ. ಎಸ್ ಎಂದರೆ ಗಿಡ್ಡ, ಎಲ್ ಎಂದರೆ ಉದ್ದ. ಐದಡಿ ಐದಿಂಚು, ಆರಿಂಚಿನ ನಮ್ಮ ಹುಡುಗರು 'ಎಸ್' ಕೇಳಲು ಸಂಕೋಚಪಟ್ಟು 'ಆರ್' ಕೊಂಡು ತೋಳು ಕಡಿಮೆ ಮಾಡಿಸುತ್ತಾರೆ. ತೋಳು ಕಡಿಮೆಯಾಗುತ್ತದೆ, ಸರಿ. ಆದರೆ ಜೇಬಿನ ಜಾಗ, ನಡುವಿನ ಗುಂಡಿಯ ಜಾಗ, ಕೋಟಿನ ಉದ್ದ ಎಲ್ಲವೂ ಎತ್ತರದವನ ಅಳತೆಯಲ್ಲೇ ಉಳಿಯುತ್ತವೆ. ಗಿಡ್ಡ ಅಳತೆ ಕೇಳುವುದರಲ್ಲಿ ಯಾವ ಕುಂದೂ ಇಲ್ಲ.

ಎಲ್ಲಕ್ಕಿಂತ ಮೊದಲು ಭುಜ ನೋಡಿ. ಮಗ ಕೋಟು ತೊಟ್ಟು, ಕೈ ಇಳಿಬಿಟ್ಟು, ಗೋಡೆಗೆ ಪಕ್ಕವಾಗಿ ನಿಂತು ನಿಧಾನವಾಗಿ ಗೋಡೆಯತ್ತ ವಾಲಲಿ. ಅವನ ತೋಳು ಗೋಡೆಗೆ ತಾಗುವ ಮೊದಲೇ ಕೋಟಿನ ಭುಜದ ಪ್ಯಾಡು ತಾಗಿ ಕುಗ್ಗಿದರೆ ಭುಜ ದೊಡ್ಡದಾಯಿತು. ಭುಜ ದೊಡ್ಡದಾದ ಕೋಟನ್ನು ಸರಿಪಡಿಸಬೇಕೆಂದರೆ ತೋಳು ಬಿಚ್ಚಿ, ಪ್ಯಾಡು ಬಿಚ್ಚಿ, ಕಾಲರ್ ಎತ್ತಿ ಮತ್ತೆ ಕೂಡಿಸಬೇಕು. ಖರ್ಚು ಹೆಚ್ಚು, ಫಲ ಖಚಿತವಲ್ಲ. ಸೊಂಟ ಹಿಡಿಸುವುದು, ತೋಳನ್ನು ಒಂದು ಇಂಚು ಮೇಲೆತ್ತುವುದು ಸುಲಭ. ಕೈ ಇಳಿಬಿಟ್ಟಾಗ ಅಂಗಿಯ ಕಫ್ ಕೋಟಿನ ತೋಳಿನಿಂದ ಅರ್ಧ ಇಂಚು ಕಾಣಬೇಕು. ಕತ್ತಿನ ಹಿಂದೆ ಕೋಟಿನ ಕಾಲರ್ ಅಂಗಿಯ ಕಾಲರಿಗೆ ಅಂಟಿ ಕೂರಬೇಕು, ನಡುವೆ ಸಂದು ಬಿಡಬಾರದು.

ಈ ಅಂಗಡಿಯ ಹಳೆಯ ಕೋಟಿಗೆ 'ಸ್ಯಾಕ್' ಎಂಬ ಹೆಸರಿತ್ತು. ಇಪ್ಪತ್ತನೆಯ ಶತಮಾನದ ಆರಂಭದಿಂದ ಅಮೆರಿಕದ ವಕೀಲರು, ಬ್ಯಾಂಕಿನವರು, ಪ್ರಾಧ್ಯಾಪಕರು ತೊಟ್ಟದ್ದು ಅದನ್ನೇ: ಭುಜಕ್ಕೆ ಪ್ಯಾಡು ಇಲ್ಲವೆನ್ನುವಷ್ಟು ಕಡಿಮೆ, ಮುಂಭಾಗದಲ್ಲಿ ಸೊಂಟ ಹಿಡಿಸಲು ಒಳಮಡಿಸಿ ಹೊಲಿಯುವ ಡಾರ್ಟ್ ಇಲ್ಲ, ಮೂರು ಗುಂಡಿಯಿದ್ದರೂ ಮೇಲಿನದು ಮಡಿಕೆಯಲ್ಲಿ ಅಡಗಿ ನಡುವಿನದು ಮಾತ್ರ ಹಾಕಿಕೊಳ್ಳುವಂಥದು. ನನಗೆ ಆ ಕಟಿಂಗ್ ಬಹಳ ಇಷ್ಟ. ಕೋಟು ಮೈಯನ್ನು ತಿದ್ದಲು ಹೋಗದೆ ಮೈಮೇಲೆ ಹಾಯಾಗಿ ಕೂರುತ್ತದೆ. ಆದರೆ ಸಪೂರ ಮೈಯ ಇಪ್ಪತ್ತೆರಡರ ಹುಡುಗನಿಗೆ ಡಾರ್ಟ್ ಇಲ್ಲದ ಕೋಟು ಎರವಲು ತಂದದ್ದರಂತೆ ಕಾಣುತ್ತದೆ. ಭುಜ ಮೆತ್ತಗಿದ್ದು, ನಡುವಿನಲ್ಲಿ ತುಸು ಹಿಡಿತವಿರುವ ಎರಡು ಗುಂಡಿಯದನ್ನು ಆರಿಸಿ.

ಕೋಟಿನ ಒಳಗನ್ನು ಕಣ್ಣಿನಿಂದ ನೋಡಲಾಗದು, ಬೆರಳಿನಿಂದ ನೋಡಬೇಕು. ಕೆಳಗಿನ ಕಾಜದ ಹತ್ತಿರ ಹೊರಬಟ್ಟೆಯನ್ನು ಒಂದು ಕೈಯಲ್ಲೂ ಒಳಬಟ್ಟೆಯನ್ನು ಇನ್ನೊಂದು ಕೈಯಲ್ಲೂ ಚಿವುಟಿ ಹಿಡಿದು ಬೇರ್ಪಡಿಸಿ, ನಡುವೆ ಬೆರಳುಗಳನ್ನು ಉಜ್ಜಿ. ಎರಡಕ್ಕೂ ಅಂಟದೆ ಮೂರನೆಯ ಪದರವೊಂದು ಸಡಿಲವಾಗಿ ಸರಿದಾಡಿದರೆ ಅದು ಹೊಲಿದು ಕೂರಿಸಿದ ಕ್ಯಾನ್ವಾಸ್. ವರ್ಷ ಕಳೆದಂತೆ ತೊಟ್ಟವನ ಎದೆಯ ಆಕಾರಕ್ಕೆ ಒಗ್ಗುತ್ತದೆ. ಮೂರನೆಯ ಪದರ ಸಿಗದೆ ಹೊರಬಟ್ಟೆಯೇ ದಪ್ಪವೆನಿಸಿದರೆ ಅದು ಬಿಸಿಯೊತ್ತಿ ಅಂಟಿಸಿದ ಫ್ಯೂಸಿಂಗ್. ಅಂಟಿಸಿದ್ದೆಲ್ಲ ಕೆಟ್ಟದ್ದಲ್ಲ, ಆದರೆ ಹಲವು ಬಾರಿ ಡ್ರೈ ಕ್ಲೀನ್ ಆದ ಮೇಲೆ ಅಂಟು ಬಿಟ್ಟು ಎದೆಯ ಮೇಲೆ ಗುಳ್ಳೆ ಏಳಬಹುದು, ಎದ್ದದ್ದನ್ನು ನಾನಾಗಲಿ ಬೇರೆ ಯಾರಾಗಲಿ ಸರಿಮಾಡಲಾರೆವು. ಎಷ್ಟೋ ಕೋಟುಗಳಲ್ಲಿ ಎದೆಯ ಭಾಗಕ್ಕೆ ಕ್ಯಾನ್ವಾಸ್, ಕೆಳಗೆ ಫ್ಯೂಸಿಂಗ್ ಇರುತ್ತದೆ. ಆದ್ದರಿಂದ ಎದೆಯ ಹತ್ತಿರವೂ ಚಿವುಟಿ ನೋಡಿ. ಹತ್ತು ವರ್ಷ ತೊಡುವ ಆಸೆಯಿದ್ದರೆ ಕ್ಯಾನ್ವಾಸ್ ಇರುವುದಕ್ಕೆ ಹೆಚ್ಚು ಹಣ ಕೊಡಿ.

ಔಟ್‌ಲೆಟ್ ಬೇಡ ಎಂಬುದೇ ನನ್ನ ಸಲಹೆ. ಮುಖ್ಯ ಅಂಗಡಿಯಲ್ಲಿ ಉಳಿದದ್ದು ಅಲ್ಲಿಗೆ ಬರುತ್ತದೆ ಎಂದು ಜನ ನಂಬುತ್ತಾರೆ. ಅಲ್ಲಿಯ ಮಾಲಿನ ಬಹುಪಾಲು ಔಟ್‌ಲೆಟ್‌ಗಾಗಿಯೇ ತಯಾರಾದದ್ದು. ಈ ಕಂಪನಿಯ ಅಂಥ ಉಡುಪುಗಳ ಮೇಲೆ ಬಹುಕಾಲ '346' ಎಂಬ ಗುರುತು ಇರುತ್ತಿತ್ತು. ಅದು 1915ರಿಂದ 2020ರವರೆಗೆ ಅವರ ಮುಖ್ಯ ಮಳಿಗೆಯಿದ್ದ ಮ್ಯಾಡಿಸನ್ ಅವೆನ್ಯೂ ಕಟ್ಟಡದ ಸಂಖ್ಯೆ. ಗುರುತು ಹಳೆಯ ಕಟ್ಟಡದ್ದು, ಹೊಲಿಗೆ ಮುಖ್ಯ ಅಂಗಡಿಯದ್ದಲ್ಲ. ಹಣ ಉಳಿಸಬೇಕೆಂದರೆ ಮುಖ್ಯ ಅಂಗಡಿಯಲ್ಲೇ ಕ್ರಿಸ್‌ಮಸ್ ಮುಗಿದ ಮೇಲೂ ಜೂನ್ ತಿಂಗಳಲ್ಲೂ ನಡೆಯುವ ರಿಯಾಯಿತಿ ಮಾರಾಟಕ್ಕೆ ಕಾಯಿರಿ. ಅಂಗಿಗಳನ್ನು ಮೂರು ನಾಲ್ಕು ಒಟ್ಟಿಗೆ ಕೊಂಡರೆ ಬೆಲೆ ಇಳಿಸುವ ಪದ್ಧತಿಯೂ ಇದೆ.

ನೀವು ನ್ಯೂಜೆರ್ಸಿಯವರಾದ್ದರಿಂದ ಇನ್ನೊಂದು ಉಳಿತಾಯ ಕೈಯಲ್ಲೇ ಇದೆ. ನಿಮ್ಮ ರಾಜ್ಯದಲ್ಲಿ ಸಾಧಾರಣ ಉಡುಪುಗಳ ಮೇಲೆ ಮಾರಾಟ ತೆರಿಗೆ ಇಲ್ಲ. ನ್ಯೂಯಾರ್ಕ್ ನಗರದಲ್ಲಿ 110 ಡಾಲರಿಗಿಂತ ಕಡಿಮೆ ಬೆಲೆಯ ಉಡುಪಿಗೆ ಮಾತ್ರ ವಿನಾಯಿತಿ. ಅದಕ್ಕೂ ಮೇಲ್ಪಟ್ಟದ್ದಕ್ಕೆ ಶೇ 8.875 ಕೊಡಬೇಕು. 500 ಡಾಲರಿನ ಬ್ಲೇಜರಿಗೆ ಅದು 44 ಡಾಲರಿಗೂ ಹೆಚ್ಚು; ಅಷ್ಟರಲ್ಲಿ ತೋಳು, ಸೊಂಟ ಆಲ್ಟರ್ ಮಾಡಿಸಿದ ಕೂಲಿಯ ದೊಡ್ಡ ಪಾಲು ಹುಟ್ಟುತ್ತದೆ. ಬ್ಲೇಜರನ್ನು ಮಗನ ಕಚೇರಿಯ ಹತ್ತಿರ ಕೊಳ್ಳುವ ಬದಲು ಮನೆಯ ಹತ್ತಿರ ಕೊಳ್ಳಿ.

ಟೈ ಬೇಕಾದರೆ ಓರೆ ಪಟ್ಟೆಯದೊಂದು ಸಾಕು. ಬ್ರಿಟಿಷ್ ಸೈನ್ಯದ ಪಡೆಗಳ ಟೈಗಳಲ್ಲಿ ಪಟ್ಟೆ ತೊಟ್ಟವನ ಎಡಭುಜದಿಂದ ಕೆಳಗಿಳಿದರೆ, ಬ್ರೂಕ್ಸ್ ಬ್ರದರ್ಸ್ ಅದನ್ನು ತಿರುವಿ ಬಲಭುಜದಿಂದ ಇಳಿಸಿತು. ತಾನು ಸೇರದ ಪಡೆಯ ಗುರುತನ್ನು ತೊಟ್ಟ ಆಕ್ಷೇಪ ಯಾರ ಮೇಲೂ ಬರುವುದಿಲ್ಲ.

ಒಗೆಯುವ ವಿಚಾರಕ್ಕೆ ನಮ್ಮ ದೇಶಕ್ಕೆ ಸೇರಿದ ಕಥೆಯೊಂದಿದೆ. ಮದರಾಸಿನ ಕಡೆಯ ಕೈಮಗ್ಗದ ಚೌಕಳಿ ಬಟ್ಟೆಯನ್ನು 1958ರಲ್ಲಿ ವಿಲಿಯಂ ಜೇಕಬ್‌ಸನ್ ಎಂಬ ಆಮದುಗಾರರು ಕ್ಯಾಪ್ಟನ್ ಸಿ.ಪಿ. ಕೃಷ್ಣನ್ ನಾಯರ್ ಅವರಿಂದ ಕೊಂಡರು. ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದವರು ಈ ನಾಯರ್ ಅವರೇ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಲೀಲಾ ಪ್ಯಾಲೇಸ್ ಅವರದೇ ಕಟ್ಟುವಿಕೆ. ಬಟ್ಟೆಯ ಬಣ್ಣ ಬಿಡುತ್ತದೆ, ತಣ್ಣೀರಿನಲ್ಲಿ ಮೆಲ್ಲಗೆ ಒಗೆಯಬೇಕು ಎಂದು ನಾಯರ್ ಎಚ್ಚರಿಸಿದ್ದರಂತೆ. ಬಟ್ಟೆ ಜೇಕಬ್‌ಸನ್ ಅವರಿಂದ ಬ್ರೂಕ್ಸ್ ಬ್ರದರ್ಸ್‌ಗೆ ಹೋಯಿತು, ಆದರೆ ಆ ಮಾತು ಅಲ್ಲಿಯ ಗಿರಾಕಿಗಳಿಗೆ ತಲುಪಲಿಲ್ಲ. ಯಂತ್ರಕ್ಕೆ ಹಾಕಿದವರ ಬಟ್ಟೆಗಳೆಲ್ಲ ಬಣ್ಣ ಹಿಡಿದು ದೂರುಗಳ ಮಳೆಯಾಯಿತು. ಆಮೇಲೆ 'ಬಣ್ಣ ಬಿಡುವುದು ಖಚಿತ' ಎಂಬುದನ್ನೇ ಜಾಹೀರಾತಿನ ಮಾತಾಗಿಸಿ ಅದೇ ಬಟ್ಟೆಯನ್ನು ಮಾರಿದರು ಎಂದು ಜವಳಿ ಲೋಕದಲ್ಲಿ ಇಂದಿಗೂ ಹೇಳುತ್ತಾರೆ. ನಿಮ್ಮ ಮಗನ ಬಿಳಿ ಆಕ್ಸ್‌ಫರ್ಡ್‌ಗೆ ಅಂಥ ಭಯವಿಲ್ಲ, ಆದರೆ ಒಳಚೀಟಿಯ ಸೂಚನೆ ಓದಿ, ಬಿಳಿಯನ್ನೂ ನೀಲಿಯನ್ನೂ ಬೇರೆಯಾಗಿ ಒಗೆದು, ಡ್ರೈಯರಿನ ಹೆಚ್ಚು ಬಿಸಿಗೆ ಹಾಕದೆ ತುಸು ತೇವವಿರುವಾಗಲೇ ಹ್ಯಾಂಗರಿಗೆ ತೂಗುಹಾಕಿ. ಕಾಲರಿನ ಬಾಳಿಕೆ ಇದರಿಂದಲೇ ಹೆಚ್ಚುತ್ತದೆ.

ಕೊನೆಯದಾಗಿ ನಿಮ್ಮ ದಾವಣಗೆರೆಯ ಟೈಲರ್. ಅಂಗಿಯನ್ನು ಅವರ ಬಳಿ ಖಂಡಿತ ಹೊಲಿಸಿ, ಆದರೆ ಬರೀ ಅಳತೆ ಕೊಟ್ಟು ಬರಬೇಡಿ. ಈಗ ಇಲ್ಲಿ ಮಗನಿಗೆ ಸರಿಯಾಗಿ ಕೂರುವ ಬಟನ್-ಡೌನ್ ಅಂಗಿಯೊಂದನ್ನು ಕೊಂಡು, ನಾಲ್ಕೈದು ಬಾರಿ ಒಗೆದು, ಕುಗ್ಗುವಷ್ಟು ಕುಗ್ಗಿದ ಮೇಲೆ ಅದನ್ನೇ ಮಾದರಿಯಾಗಿ ಡಿಸೆಂಬರಿನಲ್ಲಿ ಒಯ್ಯಿರಿ. ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಲು ಹೇಳಿ. ಕಾಲರಿಗೆ ಅಂಟಿಸುವ ಬಕ್ರಂ ಬೇಡ, ತೆಳ್ಳನೆಯ ಹತ್ತಿ ಬಟ್ಟೆಯನ್ನೇ ಒಳಗೆ ಕೊಡಿ ಎಂದು ಒತ್ತಿ ಹೇಳಿ. ಮೊದಲು ಒಂದೇ ಒಂದು ಅಂಗಿ ಹೊಲಿಸಿ ಮಗ ತೊಟ್ಟು ನೋಡಿದ ಮೇಲೆ ಉಳಿದದ್ದನ್ನು ಕತ್ತರಿಸಲಿ. ಬ್ಲೇಜರ್ ಮಾತ್ರ ಅಲ್ಲಿ ಬೇಡ, ಆ ಟೈಲರ್ ಕ್ಯಾನ್ವಾಸ್ ಕೂರಿಸಿ ಹೊಲಿಯುವವರಾಗಿದ್ದು ಎರಡು ಟ್ರಯಲ್‌ಗಾದರೂ ನಿಮಗೆ ಸಮಯವಿದ್ದರೆ ಮಾತು ಬೇರೆ. ಎರಡು ವಾರದ ರಜೆಯಲ್ಲಿ, ಮದುವೆ ಮುಂಜಿಗಳ ಓಡಾಟದ ನಡುವೆ, ಅಷ್ಟು ಸಮಯ ಸಿಗುವುದು ಕಷ್ಟ. ಬ್ಲೇಜರನ್ನು ಕೆಲಸ ಶುರುವಾಗುವ ಮೂರು ವಾರ ಮುಂಚೆಯೇ ಎಡಿಸನ್ ಹತ್ತಿರವೇ ಕೊಂಡುಬಿಡಿ. ಕೊಳ್ಳಲು ಹೋಗುವ ದಿನ ಮಗ ಕಚೇರಿಗೆ ಹಾಕುವ ಬೂಟನ್ನೂ ಉದ್ದ ತೋಳಿನ ಅಂಗಿಯನ್ನೂ ಹಾಕಿಕೊಂಡೇ ಬರಲಿ.